ಪಡುವಣ ಮಗಿಯ ಹರಳು

ಇವತ್ತು ಬೆಳಿಗ್ಗೆ ಹಿತ್ತಲ ಕಡೆಯಿಂದ ಹೊಗೆ ಬಂತು. ಸೊಸೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಕದ ಹಾಕಲು ಹೋದಳು. ನಾನು ಹೊರಗೆ ನಿಂತು, ಎರಡು ಸಲ ಉಸಿರು ಎಳೆದುಕೊಂಡು, "ರವದಿ. ಅಂಜಬ್ಯಾಡ" ಎಂದೆ. ರವದಿ ಎಂದರೆ ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ಒಣ ಗರಿ. ಅದು ಸುಟ್ಟರೆ ಹೊಗೆಯಲ್ಲಿ ತುಸು ಸಿಹಿ ಇರುತ್ತದೆ. ಜೋಳದ ಕಣಕಿ, ಅಂದರೆ ತೆನೆ ಕೊಯ್ದ ಮೇಲಿನ ಒಣ ದಂಟು, ಸುಟ್ಟರೆ ಗಂಟಲು ಒಗರಾಗುತ್ತದೆ. ಹುಕ್ಕೇರಿಯ ಈ ಮನೆಗೆ ಬಂದು ಇಷ್ಟು ವರ್ಷವಾದರೂ ನನ್ನ ಮೂಗು ಇನ್ನೂ ತವರಿನದೇ. ಅದಕ್ಕೆ ವಿದ್ಯೆ ಕಲಿಸಿದವನು ನನ್ನ ಅಣ್ಣ. ಮೂರನೆಯ ಇಯತ್ತೆಗೆ ಸಾಲೆ ಬಿಟ್ಟವಳು ನಾನು. ಓದಿದ್ದು ಕಡಿಮೆ, ಮೂಸಿದ್ದೇ ಹೆಚ್ಚು.

ತವರು ಮೂಡಲಗಿ. ಅಲ್ಲಿಯ ಪೇಟೆಯವರು ಕೂಡಿ ಗೋಕಾವಿಯಿಂದ ಒಂದು ಹಳೆಯ ಬಂಬು ತಂದಿದ್ದರು. ಬಂಬು ಎಂದರೆ ಎತ್ತಿನ ಬಂಡಿಯ ಮೇಲೆ ಕೂರಿಸಿದ ನೀರಿನ ಪೀಪಾಯಿ, ಅದಕ್ಕೊಂದು ಕೈಪಂಪು. ಎರಡೂ ಬದಿಗೆ ಮೂರು ಮೂರು ಮಂದಿ ನಿಂತು ಹಿಡಿಕೆ ಏರಿಳಿಸಿದರೆ ನೀರು ಚಿಮ್ಮುತ್ತಿತ್ತು. ತಾಳ ತಪ್ಪಿದರೆ ಬೆಂಕಿಗಿಂತ ಮೊದಲು ನೋಡುವವರೇ ತೊಯ್ಯುತ್ತಿದ್ದರು. ಅದರ ಯಜಮಾನಿಕೆ ಅಣ್ಣನದು. ಪಗಾರವಿಲ್ಲ. ಬಂಬಿನ ಕೊಟ್ಟಿಗೆಯ ಕೀಲಿಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡು ಓಡಾಡುವುದೇ ಅವನ ಪಗಾರ. ಜಳಕ ಮಾಡುವಾಗಲೂ ಬಿಚ್ಚುತ್ತಿರಲಿಲ್ಲ. "ಹೆಂಡ್ತಿ ಬಂದ ಮ್ಯಾಲರೆ ಅದನ್ನ ಬಿಚ್ಚತಿಯೋ ಇಲ್ಲೋ?" ಎಂದು ಅವ್ವ ಕೇಳುತ್ತಿದ್ದಳು.

ಚಾವಡಿಯ ಮುಂದೆ ರೈಲು ಹಳಿಯ ತುಂಡೊಂದು ತೂಗುತ್ತಿತ್ತು. ಹೊಗೆ ಕಂಡವರು ಅದನ್ನು ಬಡಿಯಬೇಕು. ನಮ್ಮ ಊರಲ್ಲಿ ಹೊಗೆಗೆ ಏನು ಬರ? ಬೆಲ್ಲದ ಗಾಣದ ಹೊಗೆ, ಕುಂಬಾರರ ಆವಿಗೆಯ ಹೊಗೆ, ರವದಿಯ ಹೊಗೆ. ಕಂಡದ್ದಕ್ಕೆಲ್ಲ ಬಡಿಯುವರು. ಆರು ಮಂದಿ ಹೊಲದ ಕೆಲಸ ಬಿಟ್ಟು ಓಡಿ ಬರುವರು, ಬಂಬು ಗಡಗಡ ಹೋಗುವುದು. ಅಲ್ಲಿ ಗಾಣದವನು ಕೊಪ್ಪರಿಗೆಯ ಮುಂದೆ ಕೂತು, "ಬರ್ರಿ, ಬಿಸಿ ಬೆಲ್ಲ ತಿಂದು ಹೋಗ್ರಿ" ಎನ್ನುವನು. ಮೊದಮೊದಲು ತಿಂದು ನಗುತ್ತ ಬಂದರು. ಬರಬರುತ್ತ ಹಳಿ ಬಡಿದರೂ ನಡೆದುಕೊಂಡೇ ಬರತೊಡಗಿದರು. ಅಣ್ಣನಿಗೆ ಅದೇ ಅಂಜಿಕೆ. "ಹತ್ತು ಸಲ ಸುಳ್ಳಿಗೆ ಓಡಿದ ಕಾಲು ಹನ್ನೊಂದನೇ ಸಲ ಖರೇಕ್ಕೂ ಓಡೂದಿಲ್ಲ, ತಂಗೆವ್ವಾ" ಎನ್ನುತ್ತಿದ್ದ.

ಅದಕ್ಕೆ ಅವನೊಂದು ಉಪಾಯ ಹೂಡಿದ. ಕುಂಬಾರರಿಂದ ನಾಲ್ಕು ಮಣ್ಣಿನ ಮಗಿ ತಂದು ನಮ್ಮ ಕಟ್ಟೆಯ ನಾಲ್ಕು ಮೂಲೆಗೆ, ದಿಕ್ಕಿಗೊಂದರಂತೆ ಇಟ್ಟ. ಯಾರು ಏನೇ ಸುಡಲಿ, ಗಾಣಕ್ಕೆ ಬೆಂಕಿ ಹಾಕಲಿ, ಮೊದಲು ಬಂದು ತಮ್ಮ ದಿಕ್ಕಿನ ಮಗಿಯಲ್ಲಿ ಒಂದು ಹರಳು ಹಾಕಿ ಹೋಗಬೇಕು. ಹಳಿ ಬಡಿದಾಗ ಅಣ್ಣ ಹೊಗೆಯ ದಿಕ್ಕು ನೋಡಿ ಆ ಮಗಿಗೆ ಕೈ ಹಾಕುವನು. ಹರಳು ಇದ್ದರೆ ಅದು ಹೇಳಿ ಹಚ್ಚಿದ ಬೆಂಕಿ; ಮಂದಿ ಮರಳಿ ಹೊಲಕ್ಕೆ. ಇಲ್ಲದಿದ್ದರೆ ಎತ್ತು ಹೂಡುವುದು. ಸಂಜೆ ದೀಪ ಹಚ್ಚುವ ಹೊತ್ತಿಗೆ ನಾಲ್ಕೂ ಮಗಿ ಬರಿದು ಮಾಡುವ ಕೆಲಸ ನನ್ನದು.

ಊರು ಮೊದಲು ನಕ್ಕಿತು. ಪಡುವಣ ಓಣಿಯ ಗಂಗವ್ವ ಒಂದು ದಿನ ಹರಳು ಹಿಡಿದುಕೊಂಡೇ ಬಂದಳು. ಒಂದು ಎಮ್ಮೆ, ಒಂದು ಕಣಕಿಯ ಬಣವೆ ಬಿಟ್ಟರೆ ಮನೆಯಲ್ಲಿ ಒಬ್ಬಳೇ ಇದ್ದ ಹೆಂಗಸು.

"ತಮ್ಮಾ, ಇವತ್ತ ಹೋಳಿಗಿ ಮಾಡಾಕತ್ತೇನಿ. ಹೊಗಿ ಜರಾ ಹೆಚ್ಚ ಬರತೈತಿ. ಬಂಬ ತರಬ್ಯಾಡ, ನೀ ಒಬ್ಬನs ಬಾ."

ಅಣ್ಣ ಗಂಭೀರವಾಗಿ ಹರಳು ಹಾಕಿಸಿಕೊಂಡ. ಮಧ್ಯಾಹ್ನ ಹೋಗಿ ಆರು ಹೋಳಿಗೆ ತಿಂದು ಬಂದ. ಆ ಸುಗ್ಗಿಯಲ್ಲಿ ಸುಳ್ಳು ಓಟ ನಿಂತೇಹೋಯಿತು. ಓಣಿಯಲ್ಲಿ ಅಣ್ಣನ ನಡಿಗೆಯೇ ಬದಲಾಗಿತ್ತು. ನನಗೂ ಸ್ವಲ್ಪ ಜಂಬ. ಊರಿನ ಬೆಂಕಿಯೆಲ್ಲ ನನ್ನ ಕೈಯಲ್ಲಿ ಐತಿ ಎಂದು ಗೆಳತಿಯರ ಮುಂದೆ ಹೇಳಿಕೊಂಡಿದ್ದೆ.

ಈಗ ಹೇಳಬೇಕಾದ್ದನ್ನು ಹೇಳುತ್ತೇನೆ. ನೀವು ಇಷ್ಟು ದೂರ ಜೊತೆಗೆ ಬಂದಿದ್ದೀರಿ, ಇನ್ನು ನಾಲ್ಕು ಹೆಜ್ಜೆ ಬನ್ನಿ.

ಒಂದು ಸಂಜೆ ಬಾಜೂ ಮನೆಗೆ ಬಳೆಗಾರ ಬಂದಿದ್ದ. ಹಸಿರು ಬಳೆ ಇಟ್ಟುಕೊಳ್ಳುವ ಆಸೆಗೆ ಹೋದವಳು ಅಲ್ಲೇ ಕೂತೆ. ದೀಪ ಹಚ್ಚುವ ಹೊತ್ತು ಮೀರಿತು. ಮಗಿಗಳ ನೆನಪು ಬಾರದೇ ಇರಲಿಲ್ಲ, ಬಂತು. ನಾಳೆ ಮುಂಜಾನೆ ತೆಗೆದರಾಯಿತು ಎಂದುಕೊಂಡೆ. ಮುಂಜಾನೆ ಕೈ ಆಡಿಸಿ ಬಳೆ ನೋಡಿಕೊಳ್ಳುವುದರಲ್ಲೇ ಹೋಯಿತು. ಹಿಂದಿನ ದಿನ ರವದಿ ಸುಟ್ಟ ರೈತನೊಬ್ಬ ಹಾಕಿದ ಹರಳು ಪಡುವಣ ಮಗಿಯಲ್ಲಿ ಹಾಗೇ ಉಳಿಯಿತು.

ಮಧ್ಯಾಹ್ನ ಹಳಿ ಬಡಿಯಿತು. ಹೊಗೆ ಪಡುವಣಕ್ಕೆ. ಅಣ್ಣ ಮಗಿಗೆ ಕೈ ಹಾಕಿದ, ಹರಳು ಸಿಕ್ಕಿತು. ಒಂದು ಗಳಿಗೆ ಹೊಗೆಯ ಕಡೆ ಮುಖ ಮಾಡಿ ನಿಂತ. ಆಮೇಲೆ, "ರವದಿ ಸುಡಾಕತ್ತಾರ, ನಡೀರಿ" ಎಂದು ಮಂದಿಯನ್ನು ಕಳಿಸಿದ.

ಉರಿಯುತ್ತಿದ್ದದ್ದು ಗಂಗವ್ವನ ಬಣವೆ. ಯಾರೋ ಓಡಿ ಬಂದು ಹೇಳಿ, ಬಂಬು ಹೋಗುವಷ್ಟರಲ್ಲಿ ವರ್ಷದ ಮೇವು ಬೂದಿಯಾಗಿತ್ತು. ಎಮ್ಮೆ ಹಗ್ಗ ಹರಿದುಕೊಂಡು ಉಳಿಯಿತು, ಬೆನ್ನೆಲ್ಲ ಸುಟ್ಟಿತ್ತು. ಮೇವಿಲ್ಲದೆ ಅದನ್ನೂ ಅವಳು ಮಾರಬೇಕಾಯಿತು.

ಮರುದಿನ ಮಠದ ಕಟ್ಟೆಯ ಮೇಲೆ ಹಿರಿಯರು ಕೂಡಿದರು. "ನಿನ್ನಿ ಹರಳು ಇವತ್ತ ಹೆಂಗ ಉಳೀತು? ತೆಗಿಯವರು ಯಾರು?" ಎಂದು ಕೇಳಿದರು. ನಾನು ಹೆಂಗಸರ ಹಿಂದೆ ನಿಂತಿದ್ದೆ. ಸಪ್ಪಳವಾಗದಂತೆ ಬಳೆಗಳನ್ನು ಮೊಣಕೈವರೆಗೆ ಏರಿಸಿಕೊಂಡಿದ್ದೆ.

"ನಾನs ತೆಗೀಬೇಕಿತ್ತರಿ. ಮರತೆ" ಎಂದ ಅಣ್ಣ.

ಗಂಗವ್ವ ಬೈಯಲಿಲ್ಲ. "ತಮ್ಮಾ, ಹೋಳಿಗಿಗೆ ಬಂದಿ, ಬೆಂಕಿಗೆ ಬರಲಿಲ್ಲ" ಎಂದಳು, ಅಷ್ಟೇ.

ಅಣ್ಣ ಉಡಿದಾರದ ಕೀಲಿಕೈ ಬಿಚ್ಚತೊಡಗಿದ. ಗಂಟು ಬಿಗಿದುಹೋಗಿತ್ತು, ಹಲ್ಲಿನಿಂದ ಬಿಡಿಸಿ ಹಿರಿಯರ ಮುಂದೆ ಇಟ್ಟ. ಮನೆಗೆ ಬಂದು, "ತಂಗೆವ್ವಾ, ಊಟಕ್ಕ ಹಾಕು" ಎಂದ. ಬೇರೇನೂ ಕೇಳಲಿಲ್ಲ. ಕೇಳಿದ್ದರೆ ಅತ್ತು ಹಗುರಾಗುತ್ತಿದ್ದೆ. ಆಮೇಲೆ ನನ್ನ ಮದುವೆಯಾಯಿತು. ತವರಿಗೆ ಹೋದಾಗಲೆಲ್ಲ ಈ ಸಲ ಹೇಳಿಯೇ ಬಿಡಬೇಕು ಎಂದುಕೊಂಡು ಹೋಗಿ, ಉಪ್ಪಿನಕಾಯಿ ಕಟ್ಟಿಸಿಕೊಂಡು ಬಂದೆ.

ಹೋದ ವಾರ ಅಣ್ಣ ಇಲ್ಲಿಗೆ ಬಂದಿದ್ದ. ಗಡ್ಡ ಬೆಳ್ಳಗಾಗಿದೆ. ರೊಟ್ಟಿ ಬಡಿಸುತ್ತ, ಮುಖ ನೋಡದೆ, ಬಳೆಗಾರನಿಂದ ಹಿಡಿದು ಎಲ್ಲ ಹೇಳಿದೆ. ಅವನು ತುತ್ತು ನುಂಗಿ ತಾಟು ಸರಿಸಿದ.

"ತಪ್ಪ ನಿಂದು ಅಂತ ನನಗ ಅವತ್ತs ಗೊತ್ತಿತ್ತು. ನಂದೂ ಒಂದೈತಿ, ಕೇಳು. ಅದು ಕಣಕಿ ಹೊಗಿ ಅಂತ ನನ್ನ ಮೂಗಿಗೆ ತಿಳದಿತ್ತು. ಆದರ ಹರಳ ಹೇಳಿದ್ದು ಸುಳ್ಳಾದರ ಮಂದಿ ನನ್ನ ಮಗಿ ಒಡದ ಹಾಕತಾರಂತ ಅಂಜಿದೆ. ಮೂಗಿನ ಮಾತ ಬಿಟ್ಟು ಹರಳಿನ ಮಾತ ಕೇಳಿದೆ."

ರೊಟ್ಟಿ ಆರಿಹೋಯಿತು. ಇಷ್ಟು ವರ್ಷ ನನ್ನ ತಪ್ಪನ್ನು ಅವನು ಹೊತ್ತ ಎಂದು ಕೊರಗಿದ್ದೆ. ಅವನ ಬೆನ್ನ ಮೇಲೆ ಅವನದೇ ಒಂದು ಗಂಟು ಇದ್ದದ್ದನ್ನು ಕಂಡಿರಲಿಲ್ಲ.

ಗಂಗವ್ವ ಇನ್ನೂ ಇದ್ದಾಳೆ, ಕಣ್ಣು ಮಂಜಾಗಿವೆ ಅಂತೆ. ನಾಡಿದ್ದು ನಾನು ಮೂಡಲಗಿಗೆ ಹೊರಟಿದ್ದೇನೆ, ಇಬ್ಬರೂ ಅವಳ ಮನೆಗೆ ಹೋಗುವುದೆಂದು ಮಾತಾಗಿದೆ. ಅಣ್ಣ ಬಂಡಿ ಹತ್ತುವಾಗಲೂ ಜಗಳ ಮುಗಿದಿರಲಿಲ್ಲ. ತಾನು ಹಿರಿಯವ, ತಾನೇ ಮೊದಲು ಹೇಳುವವನು ಎಂದು ಅವನ ಹಟ.

"ಆಗೂದಿಲ್ಲ" ಎಂದೆ. "ಮಠದ ಕಟ್ಟಿ ಮ್ಯಾಲ ನೀ ಮೊದಲ ಮಾತಾಡಿದಿ. ಈ ಸಲ ನೀ ನನ್ನ ಹಿಂದ ನಿಂದರು."