ಮಾಳಿಗೆಗೊಂದು ಬೆಂಕಿ, ಖಾನಾಪುರಕ್ಕೊಂದು

ಬೆಳಗಾವಿಯಲ್ಲಿ ನನ್ನ ಹೆಸರು ಕೇಳುವುದಕ್ಕೂ ಮೊದಲು ಕೇಳಿದ ಪ್ರಶ್ನೆ, "ಮೀನಾ-ಮಾಂಸಾ ತಿಂತೀರೇನ್ರಿ?" ಬಾಡಿಗೆ ಮನೆ ನೋಡಲು ಹೋಗಿದ್ದೆವು, ನಾನೂ ನನ್ನ ಗಂಡನೂ. ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ. ನಮ್ಮ ಕುಂದಾಪುರದ ಕಡೆ ಬೆಳಿಗ್ಗೆ ಎದುರಾದವರು "ಇವತ್ತು ಮೀನೆಂತ?" ಎಂದರೆ ಅದು ಕ್ಷೇಮ ವಿಚಾರಿಸಿದ ಹಾಗೆ. ಇಲ್ಲಿ ಅದೇ ಮೀನು ಪರೀಕ್ಷೆಯ ಮೊದಲ ಪ್ರಶ್ನೆಯಾಗಿ ಬಂದು ನಿಂತಿತ್ತು. ಐದು ಮನೆಗಳು ಅದೇ ಪ್ರಶ್ನೆಯಲ್ಲಿ ಕೈತಪ್ಪಿದ್ದವು. ಆರನೆಯದರಲ್ಲಿ ಸುಳ್ಳು ಹೇಳಿಬಿಡೋಣವೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಇವರು "ತಿಂತೇವೆ" ಎಂದು ಹೇಳಿಯಾಗಿತ್ತು. ಇಪ್ಪತ್ತು ವರ್ಷ ಮಸ್ಕತ್ತಿನಲ್ಲಿ ದುಡಿದು ಬಂದರೂ ಈ ಮನುಷ್ಯ ಹೊತ್ತಿಗೆ ತಕ್ಕ ಒಂದು ಸುಳ್ಳು ಹೇಳುವುದನ್ನು ಕಲಿಯಲಿಲ್ಲ.

ಮನೆಯೊಡತಿ ನೀಲವ್ವ ಕಾಕು ಇವರನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗ, ಕೈಯಲ್ಲಿ ಅರ್ಧ ಬಿಡಿಸಿದ ಮೆಂತ್ಯ ಸೊಪ್ಪು. "ಖರೇ ಹೇಳಿದ್ರಿ, ಛಲೋ ಆತು," ಎಂದರು. "ಮನ್ಯಾಗ ಮಾಡಂಗಿಲ್ಲ ನೋಡ್ರಿ. ಹೊರಗ ಏನರ ತಿನ್ರಿ, ನಾ ಕೇಳಂಗಿಲ್ಲ." ಹಾಗೆ ಮೇಲಿನ ಮಹಡಿ ನಮ್ಮದಾಯಿತು. ಕಾಕು ಎಂದರೆ ಚಿಕ್ಕಮ್ಮ. ಮರಾಠಿಯಿಂದ ಬಂದ ಮಾತು, ಇಲ್ಲಿ ಕನ್ನಡದವರ ಬಾಯಲ್ಲೂ ಅದೇ. ಅವರು ಕೆಳಗೆ, ನಾವು ಮೇಲೆ, ನಮ್ಮ ಬಾಗಿಲೆದುರಿಗೆ ಬಯಲು ಮಾಳಿಗೆ. ನಮ್ಮ ಕಡೆ ಯಾರಾದರೂ ಮನೆಯ ಮೇಲೆ ಇಷ್ಟು ಜಾಗವನ್ನು ಹೆಂಚಿಲ್ಲದೆ ಬಿಟ್ಟರೆ ತಲೆ ಸರಿಯಿಲ್ಲ ಎನ್ನುತ್ತಾರೆ.

ನಾನು ಇಲ್ಲಿಗೆ ಬಂದದ್ದು ನೆಹರು ನಗರದ ಆಸ್ಪತ್ರೆಯೊಂದರ ಪ್ರಯೋಗಾಲಯಕ್ಕೆ. ರೋಗಿಗಳ ರಕ್ತ ತೆಗೆಯುವುದು, ಪರೀಕ್ಷೆ ಮಾಡುವುದು ನನ್ನ ಕೆಲಸ. ದಿನಕ್ಕೆ ಐವತ್ತು ಜನರ ತೋಳು ಹಿಡಿಯುವವಳಿಗೆ ಭಾಷೆ ಬೇಗ ಹತ್ತುತ್ತದೆ. ಮೊದಲ ವಾರ "ಕೂತುಕೊಳ್ಳಿ" ಎಂದರೆ ಜನ ನಿಂತೇ ಇರುತ್ತಿದ್ದರು. "ಕುಂದರ್ರಿ" ಎಂದ ದಿನ ಒಬ್ಬ ಮುದುಕಿ ಕುಳಿತು, ನನ್ನ ಗಲ್ಲ ಮುಟ್ಟಿ, "ಎಷ್ಟ ಚಂದ ಮಾತಾಡ್ತಿ ನಮ್ಮವ್ವ" ಎಂದಳು. ನನಗೆ ಪದಕ ಸಿಕ್ಕಷ್ಟು ಸಂತೋಷವಾಯಿತು. ಕುಚ್ಚಲಕ್ಕಿ ಗಂಜಿಯ ಹೊಟ್ಟೆ ಜೋಳದ ರೊಟ್ಟಿಗೆ ಒಗ್ಗಲು ಮಾತ್ರ ಇನ್ನೆರಡು ತಿಂಗಳು ಬೇಕಾಯಿತು.

ನನಗಾದರೂ ಹೋಗಲು ಒಂದು ಜಾಗವಿತ್ತು. ಇವರಿಗೆ ಅದೂ ಇರಲಿಲ್ಲ. ಮಸ್ಕತ್ತಿನ ಹೋಟೆಲಿನಲ್ಲಿ ಇದ್ದಿಲಿನ ಗ್ರಿಲ್ ಎದುರು ನಿಂತು ಮೀನು, ಕೋಳಿ ಸುಡುವುದೇ ಇವರ ಉದ್ಯೋಗ. ಹೋಟೆಲು ಮುಚ್ಚಿತು, ಇವರು ಮರಳಿದರು, ಅದೇ ಹೊತ್ತಿಗೆ ನನಗೆ ಬೆಳಗಾವಿಯ ಕೆಲಸ ಸಿಕ್ಕಿತು. ನಾನು ಕೆಲಸ ಮುಗಿಸಿ ಬರುವಾಗ ಇವರು ಮಾಳಿಗೆಯ ಕಟ್ಟೆಗೆ ಒರಗಿ ಬೀದಿ ನೋಡುತ್ತಿರುತ್ತಿದ್ದರು. ಬೆಳಿಗ್ಗೆ ನಾನು ಹೊರಡುವಾಗಲೂ ಅಲ್ಲೇ. ಗಂಗೊಳ್ಳಿ ಬಂದರಿನ ಬದಿಯಲ್ಲಿ ಇವರ ತಮ್ಮನ ಹೋಟೆಲಿದೆ. ಒಲೆಯ ಮುಂದಿನ ಜಾಗವನ್ನು ಅಣ್ಣನಿಗಾಗಿಯೇ ಇಟ್ಟಿದ್ದೇನೆಂದೂ, ಮಳೆಗಾಲ ಕಳೆದು ದೋಣಿಗಳು ಕಡಲಿಗಿಳಿಯುವ ಹೊತ್ತಿಗೆ ಬರುವುದೋ ಇಲ್ಲವೋ ಹೇಳಬೇಕೆಂದೂ ಆತ ವಾರಕ್ಕೊಮ್ಮೆ ಫೋನು ಮಾಡುತ್ತಿದ್ದ. ಇವರು ಹೋದರೆ ನಾನು ಇಲ್ಲಿ ಒಬ್ಬಳೇ. ಇಪ್ಪತ್ತು ವರ್ಷ ಹಾಗೇ ಕಳೆದಿದ್ದೇನೆ. ಇನ್ನೊಂದು ಸುತ್ತು ನನ್ನಿಂದ ಆಗದು.

ಮಾಳಿಗೆಗೆ ಒಂದು ಗ್ರಿಲ್ ತರೋಣವೆಂದು ಹೊರಡಿಸಿದ್ದು ನಾನೇ. ಗೆಣಸು, ಗೋವಿನಜೋಳ, ಬದನೆಕಾಯಿ ಸುಡುತ್ತೇವೆ, ಬೇರೇನೂ ಇಲ್ಲ ಎಂದು ಕಾಕುವಿನ ಒಪ್ಪಿಗೆಯನ್ನೂ ಪಡೆದೆ. ಆಮೇಲೆ ಶುರುವಾಯಿತು ಇವರ ವಧುಪರೀಕ್ಷೆ. ಅಂಗಡಿಯಲ್ಲಿ ಗ್ಯಾಸಿನ ಗ್ರಿಲ್ ತೋರಿಸಿದರು. ಹೊಗೆ ಕಡಿಮೆ, ಗುಂಡಿ ತಿರುಗಿಸಿದರೆ ಉರಿ. ಇವರು ಮೂಗು ಮುರಿದರು. "ಇದ್ರಲ್ ಬೇಯತ್ತ್, ಅಷ್ಟೆ. ರುಚಿ ಎಲ್ಲಿಂದ ಬತ್ತ್?" ವಿದ್ಯುತ್ತಿನದು ಬೆಳಗಾವಿಯ ಬಿಡದ ಜಿಟಿಜಿಟಿ ಮಳೆಗೆ ಬಯಲು ಮಾಳಿಗೆಯಲ್ಲಿ ಅಪಾಯ. ಮುಚ್ಚಳವಿದ್ದ ಇದ್ದಿಲಿನದೊಂದು ನೋಡಲು ಚಂದವಿತ್ತು. ಉಗುರಿನಿಂದ ತಟ್ಟಿ "ಬಿಸ್ಕತ್ ಡಬ್ಬಿ" ಎಂದು ಬಿಟ್ಟುಬಂದರು. ಅವರ ಮನಸ್ಸಿನಲ್ಲಿದ್ದದ್ದು ಸ್ಮೋಕರ್. ದಪ್ಪ ಕಬ್ಬಿಣದ ಮುಚ್ಚಿದ ಡ್ರಮ್ಮು, ಒಂದು ಬದಿಗೆ ಕೆಂಡ, ಇನ್ನೊಂದು ಬದಿಗೆ ಅಡುಗೆ. ಉರಿ ತಾಗದೆ ಬಿಸಿ ಹೊಗೆಯಲ್ಲೇ ಹದವಾಗಿ ಬೇಯಬೇಕು, ಬೇಕೆಂದಾಗ ಮುಚ್ಚಳ ತೆಗೆದು ಕೆಂಡದ ಮೇಲೆ ನೇರ ಸುಡಲೂ ಬರಬೇಕು. ನನ್ನನ್ನು ನೋಡಲು ಬಂದ ದಿನ ಹತ್ತು ನಿಮಿಷದಲ್ಲಿ ಒಪ್ಪಿದವರು ಒಂದು ಒಲೆ ಒಪ್ಪಲು ಮೂರು ತಿಂಗಳು ತೆಗೆದುಕೊಂಡರು. ನಾನು ಇದನ್ನು ಎದುರಿಗೇ ಹೇಳಿ ಜಗಳವಾಡಿದೆ.

ದಾರಿ ತೋರಿಸಿದವರು ದಸ್ತಗೀರ ಚಾಚಾ. ಸಕ್ಕರೆ ಕಾಯಿಲೆಯ ಪರೀಕ್ಷೆಗೆ ಖಾನಾಪುರದಿಂದ ಬರುತ್ತಿದ್ದರು. ತೋಳಿನ ತುಂಬ ವೆಲ್ಡಿಂಗ್ ಕಿಡಿಯ ಕಲೆಗಳು. ಏನು ಕೆಲಸವೆಂದು ಕೇಳಿದೆ, ಗೇಟು ಕಿಟಕಿ ಮಾಡುತ್ತೇನೆ ಎಂದರು. ಸೂಜಿ ಚುಚ್ಚುತ್ತಲೇ ನಮ್ಮ ಒಲೆಯ ಕಥೆ ಹೇಳಿದೆ. "ಅಂಗಡ್ಯಾಗ ಯಾಕ ಹುಡುಕ್ತೀರಿ ಭಾಭಿ? ದಪ್ಪ ಪತ್ರಾ ಬೇಕ್ರಿ ಅದಕ್ಕ. ತೆಳ್ಳಂದು ಎರಡ ಸಲ ಕೆಂಡ ಕಂಡ್ರ ಸೊಟ್ಟ ಆಕ್ಕೈತಿ. ಭಾಯಿನ್ನ ಕಳಸ್ರಿ, ಇಬ್ರೂ ಕೂಡೇ ಮಾಡ್ತೀವಿ." ಪತ್ರಾ ಎಂದರೆ ಕಬ್ಬಿಣದ ತಗಡು.

ಇವರು ರೈಲಿನಲ್ಲಿ ಹೋಗತೊಡಗಿದರು. ದೇಸೂರ ದಾಟಿದರೆ ಎರಡೂ ಬದಿಗೆ ಭತ್ತದ ಗದ್ದೆ, ಕೆಂಪು ಮಣ್ಣು, ಜಾಂಬೋಟಿಯ ಕಡೆಯಿಂದ ಇಳಿಯುವ ಮಳೆ. ಬೆಳಗಾವಿಯಲ್ಲಿ ಒಂದು ಬೀದಿಯ ಹೆಸರೂ ನೆನಪಿಡದವರು ಖಾನಾಪುರದ ಮಳೆಯ ವಾಸನೆಯನ್ನು ನನಗೆ ವರ್ಣಿಸುವಂತಾದರು. ಅಡುಗೆ ಎಣ್ಣೆಯ ಹಳೇ ಡ್ರಮ್ಮು ಹುಡುಕಿ, ಒಳಗೆ ಜೋರು ಬೆಂಕಿ ಹಾಕಿ ಬಣ್ಣವೆಲ್ಲ ಸುಟ್ಟು, ಉದ್ದಕ್ಕೆ ಸೀಳಿ ಬಿಜಾಗ್ರಿ ಹಾಕಿ ತೆರೆದು ಮುಚ್ಚುವ ಮುಚ್ಚಳ ಮಾಡಿದರು. ಗಾಳಿಗೆ ಕೆಳಗೊಂದು ಕಿಂಡಿ, ಹೊಗೆಗೆ ಮೇಲೊಂದು ಕೊಳವೆ. ಕೊಳವೆ ಎಲ್ಲಿರಬೇಕೆಂದು ಇಬ್ಬರೂ ಒಂದಿಡೀ ದಿನ ವಾದಿಸಿದರಂತೆ, ಒಬ್ಬರದು ಉರ್ದು ಬೆರೆತ ಕನ್ನಡ, ಇನ್ನೊಬ್ಬರದು ಕಡಲ ಕನ್ನಡ. ಮನೆಗೆ ಬಂದವರು ಊಟಕ್ಕೆ ಕುಳಿತು ಆ ವಾದವನ್ನು ಪೂರ್ತಿ ಒಪ್ಪಿಸಿದರು. ಆ ವರ್ಷದಲ್ಲೇ ಅಷ್ಟು ಮಾತು ನಾನು ಕೇಳಿರಲಿಲ್ಲ.

ಡ್ರಮ್ಮು ತಯಾರಾದ ಭಾನುವಾರ ನಾನೂ ಹೋದೆ. ಗೋವೆಯ ಕಡೆಯಿಂದ ಬಂದ ಬಂಗುಡೆ ಮೀನನ್ನು ಚಾಚಾನ ಹೆಂಡತಿ ತೊಳೆದಿಟ್ಟಿದ್ದರು. ಇವರು ಮಸಾಲೆ ಅರೆದು ಸವರಿ ಕೆಂಡದ ಮೇಲಿಟ್ಟರು. ಅಂಗಳದ ತುಂಬ ಆ ವಾಸನೆ ಎದ್ದಾಗ ನಾನು ಗೋಡೆಯ ಕಡೆ ತಿರುಗಿ ನಿಂತೆ, ಊರು ಅಷ್ಟು ನೆನಪಾಯಿತು. ಎಲ್ಲರೂ ಬೆರಳು ನೆಕ್ಕಿಕೊಂಡು ತಿಂದೆವು. ಆಮೇಲೆ ಜಾಲರಿಯನ್ನು ಬೂದಿ ಹಾಕಿ ಉಜ್ಜಿ, ಇನ್ನೊಮ್ಮೆ ಕೆಂಪಗೆ ಕಾಯಿಸಿ, ಡ್ರಮ್ಮನ್ನು ಟೆಂಪೋದಲ್ಲಿ ಹಾಕಿಸಿಕೊಂಡು ಬೆಳಗಾವಿಗೆ ತಂದೆವು. ನಮ್ಮ ಕಡೆ ಬೆಂಕಿಗೆ ಬಿದ್ದ ಕಬ್ಬಿಣಕ್ಕೆ ಮೈಲಿಗೆಯೆಂಬುದಿಲ್ಲ. ಇಲ್ಲಿಯವರ ಲೆಕ್ಕ ಬೇರೆಯಿರಬಹುದೆಂದು ಟೆಂಪೋದಲ್ಲಿ ಕುಳಿತಾಗಲೇ ನನಗೆ ಹೊಳೆದಿತ್ತು. ಹೊಳೆದರೂ ಸುಮ್ಮನಿದ್ದೆ. ಆ ತಪ್ಪು ನನ್ನದು.

ಮರುದಿನ ಸಂಜೆ ನಾನು ಕೆಲಸದಿಂದ ಬಂದಾಗ ಮಾಳಿಗೆಯಲ್ಲಿ ಸಂಭ್ರಮ ನಡೆದಿತ್ತು. ಮನೆಗೆ ಹೊಸ ಒಲೆ ಬಂದಿದೆಯೆಂದು ಕಾಕು ಮಿಂದು ಮಡಿಯುಟ್ಟು ತಟ್ಟೆ ಹಿಡಿದು ಬಂದಿದ್ದರು. ಡ್ರಮ್ಮಿನ ಹೊಟ್ಟೆಗೆ ವಿಭೂತಿಯ ಮೂರು ಗೆರೆ ಎಳೆದು, ಕುಂಕುಮ ಹಚ್ಚಿ, ಕೊಳವೆಗೆ ಸೇವಂತಿಗೆ ಸಿಕ್ಕಿಸಿ, ಕಾಯಿ ಒಡೆದಿದ್ದರು. ಕೆಂಡದ ಮೇಲೆ ಅವರೇ ತಂದ ನಾಲ್ಕು ದಪ್ಪ ಬದನೆಕಾಯಿಗಳು ಸಿಪ್ಪೆ ಬಿರಿಯುತ್ತಿದ್ದವು. "ಬರ್ರಿ ಅಕ್ಕಾರ, ಬರ್ರಿ," ಎಂದು ನನ್ನನ್ನೂ ಕೂರಿಸಿಕೊಂಡರು. "ನಮ್ಮ ತವರಮನಿ ಬೈಲಹೊಂಗಲ ಕಡೆ ನೋಡ್ರಿ. ಹೊಲದಾಗ ಸೆಗಣಿ ಕುಳ್ಳಿನ ಬೆಂಕ್ಯಾಗ ಎಳೇ ಜ್ವಾಳದ ತೆನಿ ಸುಟ್ಟು ಸೀತನಿ ತಿಂತಿದ್ವಿ. ಲಗ್ನ ಆಗಿ ಈ ಊರಿಗೆ ಬಂದು ನಲವತ್ತ ವರ್ಷ ಆತು. ಆ ಕೆಂಡದ ವಾಸನಿ ಇವತ್ತ ಬಂತ ನೋಡ್ರಿ ನನಗ." ಕಣ್ಣು ತುಂಬಿ ಬಂದಿತ್ತು ಅವರಿಗೆ. ನಾನು ಇವರ ಮುಖ ನೋಡಿದೆ. ಇವರ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು.

ಕಾಕು ಬದನೆಕಾಯಿಗೆ ಕೈ ಚಾಚಿದರು. ಇವರು ತಟ್ಟನೆ ಬಗ್ಗಿ ಬರಿಗೈಯಲ್ಲೇ ನಾಲ್ಕನ್ನೂ ಎತ್ತಿ ಪಕ್ಕಕ್ಕೆ ಹಾಕಿದರು.

"ತಿನ್ನಬೇಡಿ ಕಾಕು. ನಿನ್ನೆ ಖಾನಾಪುರದಲ್ಲಿ ಇದರ ಮೇಲೆ ಮೀನು ಸುಟ್ಟಿದ್ದೇನೆ. ಮೊದಲೇ ಹೇಳಬೇಕಿತ್ತು."

ಕಾಕು ಎದ್ದರು. ನಲ್ಲಿಯ ಕೆಳಗೆ ಕೈ ತೊಳೆದರು. ಇನ್ನೊಮ್ಮೆ ತೊಳೆದರು. ತಟ್ಟೆ ಎತ್ತಿಕೊಂಡು ಮೆಟ್ಟಿಲಿಳಿದು ಹೋದರು. ಒಡೆದ ಕಾಯಿಯ ಹೋಳುಗಳು ಅಲ್ಲೇ ಉಳಿದವು.

ಕಾಕು ದಿನಾ ಕಳಿಸುತ್ತಿದ್ದ ಮಜ್ಜಿಗೆ ಮೂರು ದಿನ ಬರಲಿಲ್ಲ. ಇವರು ಅಟ್ಟದ ಮೇಲಿಂದ ಸೂಟ್‌ಕೇಸು ಇಳಿಸಿ ಧೂಳು ಒರೆಸಿದರು. "ಹೆಂಗೂ ಇವತ್ತಲ್ಲ ನಾಳೆ ಮನೆ ಬಿಡಿ ಅಂತ್ರು. ನಾ ಊರಿಗ್ ಹೋತೆ. ನೀನು ಆಸ್ಪತ್ರೆ ಹತ್ರ ಸಣ್ಣ ಕೋಣೆ ಮಾಡ್ಕೊ." ನಾನು ಬೈದೆ, ಅತ್ತೆ, ಮತ್ತೆ ಬೈದೆ. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು ಎಂದೂ ಅಂದೆ. ಅಂದ ಮೇಲೆ ನನಗೇ ನಾಚಿಕೆಯಾಯಿತು.

ನಾಲ್ಕನೆಯ ದಿನ ಬೆಳಿಗ್ಗೆ ಕಾಕು ಮೇಲೆ ಬಂದು ಬಾಗಿಲಲ್ಲೇ ನಿಂತರು.

"ಅಣ್ಣಾರ, ನೀವು ಹೇಳಲಿಲ್ಲಂದ್ರ ನನಗ ಗೊತ್ತಾಗತಿತ್ತೇನ್ರಿ?"

"ಇಲ್ಲ ಕಾಕು."

"ಮತ್ತ ಯಾಕ ಹೇಳಿದ್ರಿ?"

"ನೀವು ವಿಭೂತಿ ಹಚ್ಚಿದ್ರಿ," ಎಂದರು ಇವರು.

ಕಾಕು ಒಳಗೆ ಬಂದು ಕುರ್ಚಿ ಎಳೆದುಕೊಂಡು ಕುಳಿತರು. "ಸಿಟ್ಟ ಬಂದಿತ್ತು. ಇನ್ನೂ ಐತಿ. ಆ ಬ್ಯಾರಲ್ ನನ್ನ ಮನ್ಯಾಗ ಬ್ಯಾಡ, ಇವತ್ತ ಕಳಸ್ರಿ. ನೀವು ಎಲ್ಲೂ ಹೋಗಬ್ಯಾಡ್ರಿ." ಸೂಟ್‌ಕೇಸನ್ನು ನೋಡಿಯೂ ನೋಡದವರಂತೆ ಮುಂದುವರಿಸಿದರು. "ನನಗ ಬ್ಯಾರೇದೊಂದು ಮಾಡಿಸಿಕೊಡ್ರಿ. ನಾನೂ ಬರತೇನಿ ಖಾನಾಪುರಕ್ಕ. ಬಾಜೂಕ ನಿಂತ ಮಾಡಸ್ತೇನಿ. ನಿಮ್ಮ ಮ್ಯಾಲ ಭರವಸಾ ಐತಿ, ಆದ್ರ ನಿಮ್ಮ ಮೀನಿನ ಮ್ಯಾಲ ಇಲ್ಲ."

ಅದರಂತೆ ನೀಲವ್ವ ಕಾಕು ಚಾಚಾನ ಅಂಗಳದಲ್ಲಿ ಸ್ಟೂಲಿನ ಮೇಲೆ ಎರಡು ದಿನ ಕಾವಲು ಕುಳಿತರು. ಡ್ರಮ್ಮು ಕೊಯ್ಯುವಾಗ ಕುಳಿತರು, ಬಣ್ಣ ಸುಡುವಾಗಲೂ ಕುಳಿತರು. ಹಳೆಯ ಡ್ರಮ್ಮು ಚಾಚಾನ ಹಿತ್ತಿಲಿಗೆ ಹೋಗಿತ್ತು. ಅದರತ್ತ ಆಗಾಗ ಒಂದು ಕಣ್ಣು ಇಟ್ಟಿದ್ದರು. "ಕಾಕು, ಅದೇನ ನಡಕೋತ ಬರಂಗಿಲ್ರಿ," ಎಂದು ಚಾಚಾ ನಕ್ಕರು. "ಚಾ ಕುಡೀತೀರೇನ್ರಿ? ಕುಡೀದಿದ್ರ ಬ್ಯಾಸರಿಲ್ಲ." ಕಾಕು ಸೆರಗು ಸರಿಪಡಿಸಿಕೊಂಡರು. "ಚಾ ಯಾಕ ಬ್ಯಾಡ? ಸಕ್ರಿ ಕಡಿಮಿ ಹಾಕ್ರಿ. ನಿಮಗೂ ಸಕ್ರಿ ಕಾಯಿಲೆ ಅಂತಲ್ಲ, ನೀವೂ ಕಡಿಮಿ ಹಾಕ್ಕೊಳ್ರಿ."

ಈಗ ನಮಗೆ ಎರಡು ಬೆಂಕಿ. ಮಾಳಿಗೆಯದರಲ್ಲಿ ಬದನೆಕಾಯಿ, ಗೆಣಸು, ಚಳಿ ಬಂದರೆ ಬೈಲಹೊಂಗಲದಿಂದ ಬರುವ ಜೋಳದ ತೆನೆ. ಭಾನುವಾರ ಖಾನಾಪುರದ ಹಿತ್ತಿಲಲ್ಲಿ ಮೀನು. ಬೀದಿಯ ನಾಲ್ಕು ಮನೆಯವರು ಕಾಕುವಿನ ಶಿಫಾರಸು ಹಿಡಿದು ಬದನೆಕಾಯಿ ಸುಡಿಸಿಕೊಳ್ಳಲು ಬರುತ್ತಾರೆ. ಇವರು ಈಗ ಬೀದಿ ನೋಡುತ್ತ ನಿಲ್ಲುವುದಿಲ್ಲ.

ಮಳೆ ಕಳೆದ ಮೇಲೆ ಒಂದು ಬೆಳಿಗ್ಗೆ ತಮ್ಮನ ಫೋನು ಬಂತು. ದೋಣಿಗಳು ಇಳಿದಿವೆ, ಇವತ್ತೇ ಹೇಳು ಎಂದ. ಇವರು ಮಾಳಿಗೆಯಲ್ಲಿ ಬೂದಿ ತೆಗೆಯುತ್ತಿದ್ದವರು ಕೈ ಒರೆಸಿಕೊಂಡು ಕಟ್ಟೆಗೆ ಒರಗಿದರು. ಆ ಬದಿಯಲ್ಲಿ ಬಂದರಿನ ಗದ್ದಲ, ಹರಾಜಿನ ಕೂಗು ನನಗೂ ಕೇಳಿಸುತ್ತಿತ್ತು. ಕೊನೆಗೆ ಹೇಳಿದರು, "ನಾ ಬತ್ತಿಲ್ಲೆ ಮಾರಾಯ. ಆ ಜಾಗಕ್ಕೆ ಬೇರೆ ಯಾರನ್ನಾರೂ ಇಟ್ಕೊ."

ಒಂದು ವರ್ಷ ಆ ಮಾತಿಗಾಗಿ ಕಾದವಳು ನಾನು. ಕೇಳಿದ ಕೂಡಲೇ ಕುಣಿಯುತ್ತೇನೆ ಅಂದುಕೊಂಡಿದ್ದೆ. ಒಳಗೆ ಹೋಗಿ ಅತ್ತುಬಿಟ್ಟೆ. ಕಡಲ ಬದಿಯಲ್ಲಿ ನಮಗೆಂದು ಒಬ್ಬರು ಖಾಲಿ ಇಟ್ಟುಕೊಂಡಿದ್ದ ಜಾಗ ಅದೊಂದೇ. ನಾಳೆಯಿಂದ ಅಲ್ಲಿ ಬೇರೊಬ್ಬ ನಿಂತು ಬಂಗುಡೆ ಮಗುಚುತ್ತಾನೆ, ನಾವು ರಜೆಗೆ ಹೋದರೆ ಮೇಜಿನ ಈಚೆ ಕುಳಿತು ತಿನ್ನುವ ಗಿರಾಕಿಗಳು.