ಮೂಡಬಿದ್ರೆಯಲ್ಲಿ ಕಲಿತ ಎಕ್ಸ್‌ರೇ

ಬಂಟ್ವಾಳದ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಯುವ ಒಂದೇ ಹುದ್ದೆಗೆ ನಾವಿಬ್ಬರು ಬಂದಿದ್ದೆವು. ಇನ್ನೊಬ್ಬರು ಮದರಾಸಿನಲ್ಲಿ ಕಲಿತವರು. ನಾನು ಕಲಿತದ್ದು ಮೂಡಬಿದ್ರೆಯಲ್ಲಿ ಎಂದಾಗ ಡಾಕ್ಟರರು, “ಅಲ್ಲಿ ಮೆಷಿನ್ ಉಂಟಾ ಮಾರಾಯ್ರೆ?” ಎಂದು ನಕ್ಕರು. ಆದರೂ ಒಬ್ಬ ರೋಗಿಯ ಕೈಯ ಚಿತ್ರ ತೆಗೆಯಲು ಇಬ್ಬರಿಗೂ ಹೇಳಿದರು.

ಮದರಾಸಿನವರ ಚಿತ್ರದಲ್ಲಿ ಮೂಳೆಯೇ ಮಸುಕಾಗಿತ್ತು. ನಾನು ಮೆಷಿನ್ನಿನ ವೋಲ್ಟ್‌ಮೀಟರಿನ ಮುಳ್ಳು ಕೆಳಗಿರುವುದನ್ನು ನೋಡಿ, ಸ್ವಿಚ್ ಒತ್ತದೆ ಕುಳಿತೆ.

“ಏನು ಕಾಯುವುದು?” ಎಂದರು ಡಾಕ್ಟರರು.

“ಪಕ್ಕದ ಅಕ್ಕಿ ಮಿಲ್ಲು ಊಟಕ್ಕೆ ನಿಲ್ಲಲಿ. ಅದು ಓಡುವಾಗ ಮೆಷಿನ್ನಿಗೆ ಕರೆಂಟು ಸಾಲುವುದಿಲ್ಲ. ಮೂಡಬಿದ್ರೆಯಲ್ಲೂ ಹೀಗೇ.”

ಮಿಲ್ಲು ನಿಂತಿತು. ನನ್ನ ಫಿಲ್ಮು ತೊಳೆದಾಗ ಕೂದಲೆಳೆಯಂಥ ಬಿರುಕೂ ಕಂಡಿತು. ಕೆಲಸ ನನಗೇ ಸಿಕ್ಕಿತು.

ಹೊರಗೆ ಮದರಾಸಿನವರು, “ಮೂಡಬಿದ್ರೆಯಲ್ಲಿ ಎಷ್ಟು ತಿಂಗಳ ಕೋರ್ಸು?” ಎಂದು ಮೆಲ್ಲಗೆ ಕೇಳಿದರು.

“ಅಲ್ಲಿ ಸೀಟು ಸಿಗುವುದು ಕಷ್ಟ” ಎಂದೆ.