ರೀಲಿನಿಂದ ಅಳೆದ ಉಂಗುರಗಳು

ನಮ್ಮ ಕಡಲತೀರದ ಊರು ಇಲುಕಾದಲ್ಲಿ ನೋಲೀನ್ ಕೈಯಿಂದ ಗಾಳ ಕಿತ್ತು ಟೀ ಕೆಟಲ್ ಕೊಡಲು ನೋಡಿದವನು ಒಬ್ಬನೇ ಒಬ್ಬ, ಮೀನು ಹಿಡಿಯುವವರ ಕ್ಲಬ್ಬಿನ ನಾಯಕ ಕ್ಲಾರಿ. ನೆನೆಸಿಕೊಂಡರೆ ನನಗೆ ಈಗಲೂ ಮೈ ಉರಿಯುತ್ತದೆ.

ನೋಲೀನ್ ನನ್ನ ಪಕ್ಕದ ಮನೆಯವಳು. ಅಪ್ಪನ ಹೆಗಲೇರಿ ಸಮುದ್ರಕ್ಕೆ ಬಂದವಳು, ಸರಿಯಾಗಿ ನಡೆಯುವ ಮೊದಲೇ ಗಾಳ ಹಿಡಿದವಳು. ಆಯಸ್ಸೆಲ್ಲ ಸೀಗಡಿ ಸುಲಿದೂ ಸುಲಿದೂ ಬಲಭುಜ ಸವೆಯಿತು. ಆಪರೇಷನ್ ಆದಮೇಲೆ ಆ ಕೈ ಭುಜದಿಂದ ಮೇಲೆ ಏಳಲೊಲ್ಲದು. ಚಳಿಗಾಲದ ಪಂದ್ಯಕ್ಕೆ ತಂಡ ಕಟ್ಟುವಾಗ ಕ್ಲಾರಿ ಎಲ್ಲರೆದುರಿಗೇ ಅಂದ: "ನೀರೊಳಗಿನ ಎರಡನೇ ಮರಳದಿಬ್ಬ ದಾಟಿಸಿ ಎಸೆಯೋಕಾಗದವರು ತಂಡದಲ್ಲಿ ಯಾಕೆ? ನೋಲಿ, ಈ ಸಲ ನೀನು ಟೀ ನೋಡ್ಕೊಳಮ್ಮ."

"ಪಂದ್ಯದ ದಿನ ಎಸೆದು ತೋರಿಸ್ತೀನಿ. ದಾಟಲಿಲ್ಲ ಅಂದ್ರೆ ಸಾಯೋವರೆಗೂ ನಿಂಗೆ ಟೀ ಮಾಡ್ತೀನಿ," ಅಂದಳು ಇವಳು.

ಮನೆಗೆ ಬಂದವಳೇ ಗಾಳದ ಕೋಲಿನಲ್ಲಿ ದಾರ ಸುತ್ತುವ ರೀಲನ್ನು ಮೊಳದಷ್ಟು ಕೆಳಗಿಳಿಸಿ ಕಟ್ಟಿದಳು. ರೀಲು ಹಿಡಿಯುವ ಕೈ ಎದೆಮಟ್ಟದಲ್ಲೇ ಇದ್ದರೆ ನೋವಿಲ್ಲ. ಖುಷಿಯಲ್ಲಿ ಇಬ್ಬರೂ ದಂಡೆಗೆ ಓಡಿದೆವು. ಎಸೆದಳು. ದಾರ ಕೋಲಿಗೆ ಪಟಪಟ ಬಡಿಯಿತು, ಸೀಸದ ಗುಂಡು ಮೊದಲ ಅಲೆಯಲ್ಲೇ ಡುಬುಕ್ ಅಂತು. ನಾಯಿ ಹಿಡಿದುಕೊಂಡು ವಾಕಿಂಗ್ ಬಂದಿದ್ದ ಕ್ಲಾರಿ ದೂರದಿಂದಲೇ, "ನಂಗೆ ಎರಡು ಚಮಚ ಸಕ್ಕರೆ!" ಅಂತ ಕೂಗಿದ. ಅವನ ನಾಲಿಗೆಗಿಷ್ಟು ಬೆಂಕಿ ಹಾಕ.

"ಹಾಳಾಗ್ಲಿ, ಹೊಸ ಕೋಲು ತಗೊಳೇ ಮಾರಾಯ್ತಿ," ಅಂದೆ.

ಅವಳಿಗೆ ಕೇಳಿಸಲೇ ಇಲ್ಲ. ಕೋಲನ್ನೇ ದಿಟ್ಟಿಸುತ್ತಿದ್ದಳು. "ಥೂ, ನನ್ನ ಬುದ್ಧಿಗಿಷ್ಟು! ರೀಲು ಕೆಳಗಿಳೀತು, ದಾರ ತೂರೋ ಉಂಗುರಗಳು ಹಳೇ ಜಾಗದಲ್ಲೇ ಕೂತಿವೆ. ಮೊದಲನೇ ಉಂಗುರ ದೂರ ಆಗಿ ದಾರ ಕುಣೀತಿದೆ ಕಣೇ."

ಅಪ್ಪ ಕಲಿಸಿದ್ದು ಉಂಗುರಗಳ ಜಾಗವನ್ನು ಕೋಲಿನ ತುದಿಯಿಂದ ಅಳೆಯುವುದು. ಇಷ್ಟು ವರ್ಷ ಇವಳೂ ಹಾಗೇ ಅಳೆದಿದ್ದಳು. ಈಗ ಹೊಲಿಗೆಯ ಟೇಪನ್ನು ರೀಲಿಗೆ ಒತ್ತಿ ಹಿಡಿದು ಅಲ್ಲಿಂದ ಶುರು ಮಾಡಿದಳು. ಉಂಗುರಗಳನ್ನು ಬಿಗಿದಿದ್ದ ಹಳೇ ನೂಲನ್ನು ಬ್ಲೇಡಿನಿಂದ ಕೊಯ್ದು, ಅವನ್ನು ಬರೀ ಅಂಟುಪಟ್ಟಿಯಲ್ಲಿ ನಿಲ್ಲಿಸಿ, ಕೋಲನ್ನು ವೆರಾಂಡದ ಕಂಬಿಗೆ ಬಿಗಿದು, ದಾರದ ತುದಿಗೆ ಮರಳಿನ ಬಕೆಟ್ ನೇತುಹಾಕಿದಳು. ಕೋಲು ಬಾಗಿತು. ದಾರ ಎಲ್ಲಿ ಕೋಲಿಗೆ ತಾಗುತ್ತದೋ ಅಲ್ಲಿ ಉಂಗುರ ಸರಿಸು, ಮತ್ತೆ ಅಳೆ, ಮತ್ತೆ ಸರಿಸು. ಬಕೆಟ್ ಎತ್ತಿ ಇಳಿಸಿ ನನ್ನ ಸೊಂಟ ಬಿದ್ದುಹೋಯಿತು.

"ಸಾಕು ಬಿಡೇ, ಇದೇನು ಮಗಳ ಮದುವೆ ರವಿಕೆಯಾ?"

"ಬಾಯ್ಮುಚ್ಕೊಂಡು ಎತ್ತೇ."

ಕೊನೆಗೆ ದಾರ ಎಲ್ಲೂ ಕೋಲಿಗೆ ತಾಗದೆ ಬಾಗಿ ನಿಂತಿತು. ಆಗ ನೂಲು ಸುತ್ತಿ ವಾರ್ನಿಷ್ ಬಳಿದಳು.

ಪಂದ್ಯದ ಬೆಳಿಗ್ಗೆ ಇಡೀ ಕ್ಲಬ್ಬು ದಂಡೆಯಲ್ಲಿ ಸಾಲಾಗಿ ನಿಂತಿತ್ತು. ನೋಲೀನ್ ಮೊಣಕಾಲುದ್ದ ನೀರಿಗಿಳಿದು ಎಸೆದಳು. ಬಡಿತವೇ ಇಲ್ಲ, ಸುಯ್ ಅಂತ ಒಂದೇ ಸದ್ದು. ಗುಂಡು ಎರಡನೇ ದಿಬ್ಬದ ಆಚೆಯ ಕಪ್ಪು ನೀರಿಗೆ ಬಿತ್ತು. ನಾನು ಕಿರುಚಿದ ರಭಸಕ್ಕೆ ಕಡಲಹಕ್ಕಿಗಳೆಲ್ಲ ಎದ್ದವು.

ಕ್ಲಾರಿ ಬಾಯಿ ತೆರೆಯುವಷ್ಟರಲ್ಲಿ ಕೋಲು ಬಾಗಿತು, ಬಕೆಟ್ ಕಟ್ಟಿದಾಗ ಬಾಗಿದ ಹಾಗೇ. ಹಿಂದಕ್ಕೆ ಹೆಜ್ಜೆಯಿಡುತ್ತ, ಎಡಗೈಯಲ್ಲಿ ಸುತ್ತುತ್ತ, ಅವಳ ಸೊಂಟದುದ್ದದ ಜ್ಯೂ ಮೀನನ್ನು ಮರಳಿಗೆ ಎಳೆದೇಬಿಟ್ಟಳು! ಪಕ್ಕದಲ್ಲೇ ಕುಸಿದು ಕೂತು ಅಳುತ್ತ ನಗುತ್ತ, ತಲೆ ಕೂಡ ಎತ್ತದೆ ಕೂಗಿದಳು:

"ಕ್ಲಾರೀ, ನಂಗೂ ಎರಡೇ ಚಮಚ ಸಕ್ಕರೆ!"

ಕ್ಲಾರಿ ಹೋಗಿ ಕೆಟಲ್ ಇಟ್ಟ. ಈಗ ಪ್ರತಿ ಪಂದ್ಯಕ್ಕೂ ಅವನದೇ ಟೀ. ಚೆನ್ನಾಗೇ ಮಾಡ್ತಾನೆ.